ವಿದ್ಯುತ್ ಹೋದಾಗ ಉಸಿರು ನಿಲ್ಲದಿರಲಿ

2021ರ ಮೇ 16, ಭಾನುವಾರ. ತೌಕ್ತೆ ಚಂಡಮಾರುತವು ಗೋವಾದ ಕರಾವಳಿಯನ್ನು ಸವರಿಕೊಂಡು ಉತ್ತರಕ್ಕೆ ಸಾಗಿತು. ಮರಗಳು ತಂತಿಗಳ ಮೇಲೆ ಉರುಳಿದವು, ಕಂಬಗಳು ಮುರಿದವು, ರಾಜ್ಯದ ಬಹುಭಾಗ ಕತ್ತಲೆಯಲ್ಲಿ ಮುಳುಗಿತು. ಕೋವಿಡ್‌ನ ಎರಡನೆಯ ಅಲೆ ಆಗ ಉತ್ತುಂಗದಲ್ಲಿತ್ತು. ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಆಮ್ಲಜನಕ ಪೂರೈಕೆಯ ಪ್ರಶ್ನೆ ಅದೇ ವಾರ ಮುಂಬಯಿ ಹೈಕೋರ್ಟಿನ ಗೋವಾ ಪೀಠದ ಮುಂದಿತ್ತು. ಯಂತ್ರದ ನೆರವಿನಿಂದ ಉಸಿರಾಡುವ ರೋಗಿಯುಳ್ಳ ಪ್ರತಿ ಕುಟುಂಬಕ್ಕೂ ಇಂಥ ದಿನ ಎದುರಾಗುವ ಪ್ರಶ್ನೆ ಒಂದೇ: ಬದಲಿ ವಿದ್ಯುತ್ ಎಷ್ಟು ಹೊತ್ತು ಬಂದೀತು?

ಗೋವಾಕ್ಕೆ ಈ ಪ್ರಶ್ನೆ ಹೆಚ್ಚು ಅನ್ವಯಿಸುತ್ತದೆ. ರಾಜ್ಯದಲ್ಲಿ ಸ್ವಂತದ ದೊಡ್ಡ ವಿದ್ಯುತ್ ಸ್ಥಾವರವಿಲ್ಲ. ಬೇರೆ ರಾಜ್ಯಗಳಲ್ಲಿರುವ ಕೇಂದ್ರ ಸ್ಥಾವರಗಳ ವಿದ್ಯುತ್ತು ಮಹಾರಾಷ್ಟ್ರ ಮತ್ತು ಕರ್ನಾಟಕದ ಕಡೆಯಿಂದ ಬರುವ ಮಾರ್ಗಗಳ ಮೂಲಕ ಇಲ್ಲಿಗೆ ತಲುಪುತ್ತದೆ. ಘಟ್ಟದ ಕಾಡು, ಮುಂಗಾರಿನ ಗಾಳಿ, ಸಿಡಿಲು, ಇವೆಲ್ಲವನ್ನೂ ದಾಟಿ ಬರುವ ತಂತಿ ಎಲ್ಲಿ ಕಡಿದರೂ ಇಲ್ಲಿಯ ವಾರ್ಡು ಕತ್ತಲಾಗಬಹುದು.

ಆಸ್ಪತ್ರೆಯ ಬದಲಿ ವಿದ್ಯುತ್ ವ್ಯವಸ್ಥೆಗೆ ಎರಡು ಹಂತಗಳಿವೆ. ಡೀಸೆಲ್ ಜನರೇಟರ್ ತಾನಾಗಿ ಚಾಲೂ ಆಗುವಂತಿದ್ದರೂ ಭಾರ ಹೊರಲು ಹತ್ತು ಹದಿನೈದು ಸೆಕೆಂಡುಗಳಾದರೂ ಬೇಕು. ಕೈಯಿಂದ ಚಾಲೂ ಮಾಡುವುದಾದರೆ ಕೆಲಸದವನು ಬೀಗದ ಕೈ ಹುಡುಕುವ ಹೊತ್ತೂ ಅದಕ್ಕೆ ಸೇರುತ್ತದೆ. ಈ ಅಂತರವನ್ನು ತುಂಬುವುದು ಬ್ಯಾಟರಿಯ ಯುಪಿಎಸ್. ತೀವ್ರ ನಿಗಾ ಘಟಕ ಮತ್ತು ಶಸ್ತ್ರಚಿಕಿತ್ಸಾ ಕೊಠಡಿಗಳಿಗೆ ಎರಡೂ ಬೇಕು. ಡೀಸೆಲ್ಲಿನ ಲೆಕ್ಕವೂ ಸರಳ: ಒಂದು ಲೀಟರಿಗೆ ಸುಮಾರು ಮೂರರಿಂದ ನಾಲ್ಕು ಯೂನಿಟ್. ಗಂಟೆಗೆ 30 ಯೂನಿಟ್ ಬಳಸುವ ನರ್ಸಿಂಗ್ ಹೋಂಗೆ ಒಂದು ದಿನಕ್ಕೆ 200 ಲೀಟರಿಗೂ ಹೆಚ್ಚು ಡೀಸೆಲ್ ಬೇಕು. ಮರ ಬಿದ್ದು ರಸ್ತೆ ಮುಚ್ಚಿದ ದಿನ ಅದನ್ನು ತರುವವರು ಯಾರು?

ಯಂತ್ರವಿದ್ದರೆ ಸಾಲದು, ಅದು ಓಡಬೇಕು. 2022ರ ಸೆಪ್ಟೆಂಬರ್ 14ರಂದು ಬಳ್ಳಾರಿಯ ವಿಮ್ಸ್ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ವಿದ್ಯುತ್ ಕೈಕೊಟ್ಟಿತು. ವೆಂಟಿಲೇಟರ್‌ನಲ್ಲಿದ್ದ ರೋಗಿಗಳು ಮೃತಪಟ್ಟರು. ವಿದ್ಯುತ್ ಹೋದದ್ದೇ ಕಾರಣವೆಂದು ಬಂಧುಗಳು ಆರೋಪಿಸಿದರು. ರೋಗದ ತೀವ್ರತೆಯೇ ಕಾರಣವೆಂಬ ವಾದವೂ ಬಂತು. ವಿಷಯ ವಿಧಾನಸಭೆಯಲ್ಲಿ ಪ್ರತಿಧ್ವನಿಸಿತು, ಸರ್ಕಾರ ತನಿಖೆಗೆ ಸಮಿತಿ ರಚಿಸಿತು. ವಾದ ಏನೇ ಇರಲಿ, ಬದಲಿ ವ್ಯವಸ್ಥೆಯ ಪರೀಕ್ಷೆ ರೋಗಿಯ ಮೇಲೆ ನಡೆಯಬಾರದು ಎಂಬ ಪಾಠ ಉಳಿಯಿತು.

ಅಮೆರಿಕದ ಫ್ಲೋರಿಡಾ ಈ ಪಾಠವನ್ನು ಕಾನೂನಾಗಿಸಿತು. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತದ ನಂತರ ಹಾಲಿವುಡ್ ಎಂಬ ಊರಿನ ಶುಶ್ರೂಷಾಲಯವೊಂದರಲ್ಲಿ ಹವಾನಿಯಂತ್ರಣ ನಿಂತುಹೋಯಿತು. ಸೆಖೆಗೆ ಸಿಕ್ಕಿದ ವೃದ್ಧರಲ್ಲಿ 12 ಮಂದಿಯ ಸಾವಿಗೆ ಅದು ಕಾರಣವಾಯಿತು. ಎದುರಿಗೇ ವಿದ್ಯುತ್ತಿದ್ದ ದೊಡ್ಡ ಆಸ್ಪತ್ರೆಯಿತ್ತು. ಮರುವರ್ಷ ಅಲ್ಲಿ ಹೊಸ ನಿಯಮ ಬಂತು: ವಿದ್ಯುತ್ ಹೋದರೂ 96 ಗಂಟೆಗಳ ಕಾಲ ಒಳಗಿನ ಉಷ್ಣತೆ ಸುಮಾರು 27 ಡಿಗ್ರಿ ಸೆಲ್ಸಿಯಸ್ ಮೀರದಂತೆ ಪ್ರತಿ ಶುಶ್ರೂಷಾಲಯವೂ ನೋಡಿಕೊಳ್ಳಬೇಕು. ನಮ್ಮಲ್ಲಿ ಎನ್‌ಎಬಿಎಚ್ ಮಾನ್ಯತೆ ಬಯಸುವ ಆಸ್ಪತ್ರೆಗಳು ಬದಲಿ ವಿದ್ಯುತ್ ಮೂಲವನ್ನು ಹೊಂದಿ ಅದನ್ನು ನಿಯಮಿತವಾಗಿ ಪರೀಕ್ಷಿಸಬೇಕು. ಆದರೆ ಆ ಮಾನ್ಯತೆ ಪಡೆಯದ ಸಣ್ಣ ನರ್ಸಿಂಗ್ ಹೋಂಗಳೂ ಇವೆ.

ಆದ್ದರಿಂದ ಕೇಳುವ ಹೊಣೆ ಕುಟುಂಬದ ಮೇಲೂ ಇದೆ. ವಾಸ್ಕೊ, ಝುವಾರಿನಗರ, ಪೋಂಡಾಗಳಲ್ಲಿ ದುಡಿಯುವ ಕನ್ನಡಿಗರು ಆಸ್ಪತ್ರೆಯ ಕೌಂಟರಿನ ಮುಂದೆ ಭಾಷೆಯ ಸಂಕೋಚದಿಂದ ಸುಮ್ಮನಾಗುವುದುಂಟು. ಕನ್ನಡ ಶಾಲೆಯಲ್ಲಿ ಓದುತ್ತ ಕೊಂಕಣಿ, ಹಿಂದಿಯನ್ನೂ ಕಲಿತ ಮಕ್ಕಳು ಇಲ್ಲಿ ನೆರವಾಗಬಲ್ಲರು. ದಾಖಲಾಗುವಾಗ ಕೇಳಬೇಕಾದದ್ದು ನಾಲ್ಕೇ ಮಾತು: ಜನರೇಟರ್ ತಾನಾಗಿ ಚಾಲೂ ಆಗುವುದೇ? ನಮ್ಮ ರೋಗಿಯ ಹಾಸಿಗೆಯ ಯಂತ್ರ ಯುಪಿಎಸ್‌ಗೆ ಸೇರಿದೆಯೇ? ಡೀಸೆಲ್ ಎಷ್ಟು ಗಂಟೆಗೆ ಸಾಕು? ಜನರೇಟರನ್ನು ಭಾರ ಹಾಕಿ ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ?

ಮನೆಯಲ್ಲಿ ಆಮ್ಲಜನಕ ಕಾನ್ಸಂಟ್ರೇಟರ್ ಬಳಸುವವರಿಗೂ ಸಿದ್ಧತೆ ಬೇಕು. ಐದು ಲೀಟರ್ ಸಾಮರ್ಥ್ಯದ ಯಂತ್ರಕ್ಕೆ ಸುಮಾರು 300ರಿಂದ 350 ವ್ಯಾಟ್ ಬೇಕು. ವಿದ್ಯುತ್ ಹೋದ ಕ್ಷಣವೇ ಅದು ನಿಲ್ಲುತ್ತದೆ. 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಅದನ್ನು ಮೂರು ನಾಲ್ಕು ಗಂಟೆ ನಡೆಸೀತು. 1,500 ಲೀಟರ್ ಆಮ್ಲಜನಕವಿರುವ ತುಂಬಿದ ಸಿಲಿಂಡರ್ ನಿಮಿಷಕ್ಕೆ ಎರಡು ಲೀಟರಿನಂತೆ ಸುಮಾರು ಹನ್ನೆರಡು ಗಂಟೆ ಬರುತ್ತದೆ. ಹರಿವಿನ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಂಡು ಸಿಲಿಂಡರಿಗೇ ಅಂಟಿಸಿಡುವುದು ಲೇಸು. ಬಾಡಿಗೆ ಜನರೇಟರ್ ತಂದರೆ ಅದು ಕಿಟಕಿ ಬಾಗಿಲುಗಳಿಂದ ದೂರ, ಮನೆಯ ಹೊರಗೇ ಇರಬೇಕು. ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವಿದೆ. ವಿದ್ಯುತ್ ದೂರಿಗೆ 1912, ಆಂಬುಲೆನ್ಸ್‌ಗೆ 108 ಎಂಬ ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದಿಡಬೇಕು.

ಜೂನ್ ಪ್ರತಿ ವರ್ಷ ಬರುತ್ತದೆ. ಶಾಲೆ ತೆರೆಯುವ ಮುನ್ನ ಮಕ್ಕಳಿಗೆ ಕೊಡೆ ಕೊಳ್ಳುವ ಮನೆಗಳು, ಹಾಸಿಗೆ ಹಿಡಿದ ಅಜ್ಜನ ಸಿಲಿಂಡರನ್ನೂ ಅದೇ ವಾರ ತುಂಬಿಸಿಡಲಿ.