ಇಂಗ್ಲಿಷ್ ಸಂಯುಕ್ತ ವಿಶೇಷಣಗಳಲ್ಲಿ ಉಚ್ಚಾರಾಂಶದ ಗಡಿ

ಇಂಗ್ಲಿಷಿನ ಉಚ್ಚಾರಾಂಶ ವಿಭಜನೆಯನ್ನು ವಿವರಿಸಲು ಸಾಮಾನ್ಯವಾಗಿ ಆಶ್ರಯಿಸುವುದು ಗರಿಷ್ಠ ಆದಿವ್ಯಂಜನ ತತ್ತ್ವವನ್ನು. ಎರಡು ಸ್ವರಗಳ ನಡುವಣ ವ್ಯಂಜನಗಳಲ್ಲಿ ಪದಾದಿಯಲ್ಲಿ ಬರಬಲ್ಲಷ್ಟನ್ನೂ ಮುಂದಿನ ಉಚ್ಚಾರಾಂಶಕ್ಕೆ ಸೇರಿಸಬೇಕೆಂಬುದು ಇದರ ತಿರುಳು. ಸರಳ ಪದಗಳಿಗೆ ಇದು ಬಹುಮಟ್ಟಿಗೆ ಒಪ್ಪುತ್ತದೆ. ಸಂಯುಕ್ತ ವಿಶೇಷಣಗಳಲ್ಲಾದರೋ ಘಟಕಪದಗಳ ಗಡಿಯನ್ನು ಈ ತತ್ತ್ವ ದಾಟಲಾರದು.

ಮಂಜಿನಷ್ಟು ತಣ್ಣಗಿನ ಎಂಬರ್ಥದ ‘ಐಸ್-ಕೋಲ್ಡ್’ ಪದವನ್ನೂ ನಾನು ಗದರುತ್ತೇನೆ ಎಂಬರ್ಥದ ‘ಐ ಸ್ಕೋಲ್ಡ್’ ವಾಕ್ಯವನ್ನೂ ಹೋಲಿಸಬಹುದು. ಎರಡರಲ್ಲೂ ಧ್ವನಿಮಾಗಳ ಅನುಕ್ರಮ ಒಂದೇ. ಮೇಲಿನ ತತ್ತ್ವವನ್ನು ಕುರುಡಾಗಿ ಅನ್ವಯಿಸಿದರೆ ಸಕಾರ ಎರಡರಲ್ಲಿಯೂ ಮುಂದಕ್ಕೆ ಸರಿದು, ಭೇದವೇ ಅಳಿಯಬೇಕಾಗಿತ್ತು. ವಾಸ್ತವದಲ್ಲಿ ಮೊದಲನೆಯದರ ಕಕಾರವು ಆಘಾತವುಳ್ಳ ಉಚ್ಚಾರಾಂಶದ ಆದಿಯಲ್ಲಿರುವುದರಿಂದ ಉಸಿರಿನೊಡನೆ ಹೊರಡುತ್ತದೆ. ನಮ್ಮ ಕಿವಿಗೆ ಅದು ‘ಖ’ಕಾರಕ್ಕೆ ಹತ್ತಿರ. ಎರಡನೆಯದರಲ್ಲಿ ಸಕಾರದ ಬೆನ್ನಿಗೆ ಬಂದ ಕಕಾರ ಅಲ್ಪಪ್ರಾಣವಾಗಿಯೇ ಉಳಿಯುತ್ತದೆ. ಸ್ವರವೂ ಸಾಕ್ಷಿ ನುಡಿಯುತ್ತದೆ: ಅಘೋಷವಾದ ಸಕಾರ ಅದೇ ಉಚ್ಚಾರಾಂಶದ ಕೊನೆಯಲ್ಲಿದ್ದಾಗ ‘ಐ’ ಮೊಟಕಾಗುತ್ತದೆ, ಇಲ್ಲದಿದ್ದಾಗ ನೀಳವಾಗುತ್ತದೆ. ಗಡಿಯನ್ನು ಕೇಳುಗನಿಗೆ ತಿಳಿಸುವವು ಈ ಸೂಕ್ಷ್ಮಗಳೇ, ಬರಹದ ಅಡ್ಡಗೆರೆಯಲ್ಲ.

ಕನ್ನಡಿಗರ ಮಟ್ಟಿಗೆ ಇಲ್ಲೊಂದು ವಿಚಿತ್ರವಿದೆ. ಕ-ಖ ಭೇದವನ್ನು ಲಿಪಿಯಲ್ಲಿಯೇ ಉಳ್ಳ ನಾವು ಇಂಗ್ಲಿಷ್ ಮಾತಾಡುವಾಗ ಸಾಮಾನ್ಯವಾಗಿ ಎಲ್ಲೆಡೆ ಅಲ್ಪಪ್ರಾಣವನ್ನೇ ಬಳಸುತ್ತೇವೆ. ‘ಐಸ್ಕೋಲ್ಡ್’ ಎಂದು ಕೂಡಿಸಿ ಬರೆದರಂತೂ ‘ಸ್ಕೋ’ ಒಂದೇ ಅಕ್ಷರವಾಗಿ ಗಡಿ ಕಣ್ಣಿಗೂ ಕಾಣದು. ಕರಿಹಲಗೆಯ ಮೇಲೆ ಪದವನ್ನು ತುಂಡರಿಸಿ ತೋರಿಸುವ ಬೋಧನೆ ಈ ಉಸಿರಿನ ಭೇದವನ್ನು ಕಲಿಸದಿದ್ದರೆ ನಿಷ್ಫಲವೆಂದೇ ನನ್ನ ಅಭಿಪ್ರಾಯ.

ಘಟಕಪದದ ಒಳಗಿನ ವಿಭಜನೆಯಲ್ಲಿ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ. ‘ಓಲ್ಡ್-ಫ್ಯಾಷನ್ಡ್’ ಪದದ ಷಕಾರವನ್ನು ಗರಿಷ್ಠ ಆದಿವ್ಯಂಜನ ತತ್ತ್ವ ಮುಂದಕ್ಕೆ ಕೊಡುತ್ತದೆ. ಲಾಂಗ್‌ಮನ್ ಉಚ್ಚಾರಣಾ ನಿಘಂಟನ್ನು 1990ರಲ್ಲಿ ಪ್ರಕಟಿಸಿದ ಜಾನ್ ವೆಲ್ಸ್ ಅವರ ಮತದಲ್ಲಿ ವ್ಯಂಜನವು ಹೆಚ್ಚು ಆಘಾತವುಳ್ಳ ಕಡೆಗೆ ಸೇರುವುದರಿಂದ ಅದು ‘ಫ್ಯಾಷ್’ ಭಾಗದಲ್ಲಿಯೇ ನಿಲ್ಲುತ್ತದೆ. ‘ಓಲ್ಡ್’ ಪದದ ನಂತರದ ಗಡಿಯ ಬಗೆಗೆ ಇಬ್ಬರಿಗೂ ತಕರಾರಿಲ್ಲ.

ಆ ಗಡಿ ಸ್ಥಿರ, ಆಘಾತ ಚರ. ವಾಕ್ಯಾಂತ್ಯದಲ್ಲಿ ಪ್ರಧಾನ ಆಘಾತ ‘ಫ್ಯಾ’ ಮೇಲಿದ್ದರೆ, ‘ಓಲ್ಡ್-ಫ್ಯಾಷನ್ಡ್ ಕ್ಲಾಕ್’ ಎಂಬಲ್ಲಿ ಮುಂದಿನ ನಾಮಪದದ ಆಘಾತಕ್ಕೆ ಎಡೆಗೊಟ್ಟು ‘ಓಲ್ಡ್’ ಬಲಗೊಳ್ಳುತ್ತದೆ. ‘ಹೋಮ್‌ಸಿಕ್’, ‘ಸೀಸಿಕ್’ ಮುಂತಾದವುಗಳಲ್ಲಿ ಆಘಾತ ಎಲ್ಲಿದ್ದರೂ ಮೊದಲ ಪದದ್ದೇ.

ಉಚ್ಚಾರಾಂಶಗಳ ಎಣಿಕೆಯನ್ನು ಕಾಗುಣಿತದಿಂದ ಊಹಿಸುವಂತಿಲ್ಲ. ವೃದ್ಧ ಎಂಬರ್ಥದಲ್ಲಿ ನಾಮಪದದ ಹಿಂದೆ ಬರುವ ‘ಏಜಿಡ್’ ಎರಡು ಉಚ್ಚಾರಾಂಶಗಳ ಪದ. ಅದೇ ಬರಹ ‘ಮಿಡ್ಲ್-ಏಜ್ಡ್’ ಎಂಬಲ್ಲಿ ಒಂದೇ ಉಚ್ಚಾರಾಂಶ. ‘ಕೈಂಡ್-ಹಾರ್ಟಿಡ್’ ಪದದಲ್ಲಿ ಟಕಾರದ ನಂತರ ಇಕಾರ ಅನಿವಾರ್ಯ. ‘ಥ್ರೀ-ಲೆಗ್ಡ್’, ‘ಥ್ರೀ-ಲೆಗಿಡ್’ ಎರಡೂ ಬಳಕೆಯಲ್ಲಿವೆ; ನಿಘಂಟುಗಳು ಎರಡನ್ನೂ ದಾಖಲಿಸುತ್ತವೆ.