ಹೂ ಬಿಟ್ಟರೂ ಕಾಯಿ ಕಟ್ಟದ ಗಿಡ: ತಪ್ಪು ಎಲ್ಲಿದೆ?

ನಮ್ಮ ನೆರೆಮನೆಯವರೊಬ್ಬರು ಕೇರಳದಿಂದ ಬರುವಾಗ ರಂಬುಟಾನ್ ಹಣ್ಣು ತಂದು, ತಿಂದು, ಬೀಜವನ್ನು ಬಾವಿಕಟ್ಟೆಯ ಹತ್ತಿರ ಊರಿದ್ದರು. ಗಿಡ ಸೊಂಪಾಗಿ ಬೆಳೆಯಿತು. ಏಳನೇ ವರ್ಷ ಗೊಂಚಲು ಗೊಂಚಲಾಗಿ ಹೂ ಬಿಟ್ಟಿತು. ಮನೆಯವರಿಗೆಲ್ಲ ಸಂತೋಷ. ಆದರೆ ಹೂವೆಲ್ಲ ಉದುರಿತು, ಒಂದೇ ಒಂದು ಕಾಯಿ ಇಲ್ಲ. ಮರುವರ್ಷವೂ ಅದೇ ಕಥೆ. ಹಟ್ಟಿಗೊಬ್ಬರ ಹಾಕಿದರು, ಬೂದಿ ಹಾಕಿದರು, ಯಾರೋ ಹೇಳಿದರೆಂದು ಬುಡಕ್ಕೆ ಉಪ್ಪನ್ನೂ ಹಾಕಿದರು. ಏನೂ ಆಗಲಿಲ್ಲ. ಆಗುವುದೂ ಇಲ್ಲ, ಏಕೆಂದರೆ ಅದು ಗಂಡು ಮರ.

ಇದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಉದ್ದ ದಂಟಿನಲ್ಲಿ ಹೂ ಜೋತಾಡುವ ಗಂಡು ಪಪ್ಪಾಯಿಯನ್ನು ನಮ್ಮ ಅಜ್ಜಿಯರು ನೋಡಿದ ಕೂಡಲೇ ಕಡಿಸುತ್ತಿದ್ದರು. ಪುನರ್ಪುಳಿಯಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಜಾಯಿಕಾಯಿಯಲ್ಲೂ ಹಾಗೆಯೇ. ಹೊರಗಿನಿಂದ ಬಂದ ಹೊಸ ಹಣ್ಣಿನ ಗಿಡ ಎಂದಾಗ ಮಾತ್ರ ಈ ತಿಳಿವಳಿಕೆ ಮರೆತುಹೋಗುತ್ತದೆ.

ರಂಬುಟಾನ್ ಬೀಜದಿಂದ ಹುಟ್ಟಿದ ಗಿಡಗಳಲ್ಲಿ ಸರಿಸುಮಾರು ಅರ್ಧದಷ್ಟು ಗಂಡಾಗಿರುತ್ತವೆ. ಹೂ ಬಿಡುವ ತನಕ ಗುರುತು ಹಿಡಿಯಲು ಬರುವುದಿಲ್ಲ. ಅಷ್ಟರಲ್ಲಿ ಆರೇಳು ವರ್ಷ ಕಳೆದಿರುತ್ತದೆ, ಹಿತ್ತಿಲಿನ ಒಳ್ಳೆಯ ಜಾಗವೂ ಹೋಗಿರುತ್ತದೆ. ಆದ್ದರಿಂದ ಕಸಿ ಗಿಡವನ್ನೇ ತರಬೇಕು. ಅದು ಮೂರು-ನಾಲ್ಕು ವರ್ಷದಲ್ಲಿ ಫಲ ಕೊಡುತ್ತದೆ. ಎನ್-18 ತಳಿ ಕೇರಳದಲ್ಲಿ ಹೆಸರುವಾಸಿ. ಕೊಡಗಿನ ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವು ಕೆಂಪು ಹಣ್ಣಿನ ಅರ್ಕಾ ಕೂರ್ಗ್ ಅರುಣ್, ಹಳದಿ ಹಣ್ಣಿನ ಅರ್ಕಾ ಕೂರ್ಗ್ ಪೀತಾಭ್ ಎಂಬ ಎರಡು ತಳಿಗಳನ್ನು ಕೊಟ್ಟಿದೆ. ಸಸಿ ಕೊಳ್ಳುವಾಗ ಬುಡದ ಹತ್ತಿರ ಕಣ್ಣು ಕೂಡಿಸಿದ ಗಂಟು ಇದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಕಾಂಡ ನೆಟ್ಟಗೆ ಒಂದೇ ಸಮನಾಗಿದ್ದರೆ ಅದು ಬೀಜದ ಗಿಡವೇ ಇರಬಹುದು, ಚೀಟಿಯಲ್ಲಿ ಏನೇ ಬರೆದಿರಲಿ.

ಮ್ಯಾಂಗೋಸ್ಟೀನ್ ಕಥೆ ಇದಕ್ಕೆ ತದ್ವಿರುದ್ಧ. ಅದು ನಮ್ಮ ಪುನರ್ಪುಳಿಯ ಸಂಬಂಧಿಯೇ ಆದರೂ ಅದಕ್ಕೆ ಗಂಡು ಮರ ಬೇಕಿಲ್ಲ. ಪರಾಗಸ್ಪರ್ಶವಿಲ್ಲದೆಯೇ ಬೀಜ ಆಗುತ್ತದೆ, ಆ ಬೀಜದಿಂದ ತಾಯಿಯಂಥದೇ ಮರ ಬರುತ್ತದೆ. ಇಲ್ಲಿ ಬೀಜದ ಗಿಡ ಸಾಕು, ತಾಳ್ಮೆ ಮಾತ್ರ ಬೇಕು: ಏಳರಿಂದ ಹತ್ತು ವರ್ಷ. ಎಳೆಯ ಗಿಡಕ್ಕೆ ಮಡಲಿನ ನೆರಳು ಮಾಡಿಕೊಡಿ.

ಇನ್ನು ಪ್ಯಾಶನ್ ಫ್ರೂಟ್. ಇದರ ಹೂವಿನಷ್ಟು ವಿಚಿತ್ರ, ಸುಂದರ ಹೂ ನಮ್ಮ ಬೇಲಿಗಳಲ್ಲಿ ಇನ್ನೊಂದಿಲ್ಲ. ಕರಾವಳಿಯ ಸೆಕೆಗೆ ಹೊಂದುವುದು ಹಳದಿ ಹಣ್ಣಿನ ಬಳ್ಳಿ. ಆದರೆ ಅದರ ಹೂವಿಗೆ ತನ್ನದೇ ಪರಾಗ ಒಗ್ಗುವುದಿಲ್ಲ. ಒಂದೇ ಬಳ್ಳಿಯ ತುಂಡುಗಳಿಂದ ಹತ್ತು ಬಳ್ಳಿ ಮಾಡಿದರೂ ಅವೆಲ್ಲ ಒಂದೇ ಲೆಕ್ಕ. ಬೇರೆ ಬೇರೆ ಬೀಜದಿಂದ ಬಂದ ಎರಡು ಬಳ್ಳಿಗಳನ್ನು ಒಂದೇ ಚಪ್ಪರಕ್ಕೆ ಹಬ್ಬಿಸಬೇಕು. ಪರಾಗ ಸಾಗಿಸುವುದು ಮರ ಕೊರೆಯುವ ದೊಡ್ಡ ಕಪ್ಪು ದುಂಬಿ. ಅದನ್ನು ಓಡಿಸಬೇಡಿ. ದುಂಬಿ ಬಾರದಿದ್ದರೆ ಮಧ್ಯಾಹ್ನ ಅರಳುವ ಹೂವಿನ ಪರಾಗವನ್ನು ಬೆರಳಿನಿಂದಲೇ ಇನ್ನೊಂದು ಬಳ್ಳಿಯ ಹೂವಿಗೆ ಮುಟ್ಟಿಸಬಹುದು.

ವೆನಿಲ್ಲಾವನ್ನು ನಮ್ಮವರು ಮರೆತಿರಲಾರರು. 2003ರ ಸುಮಾರಿಗೆ ಬೆಲೆ ಗಗನಕ್ಕೇರಿದಾಗ ಅಡಿಕೆ ಮರದಿಂದ ಅಂಗಳದ ಗೊಬ್ಬರದ ಗಿಡದ ತನಕ ಎಲ್ಲಕ್ಕೂ ವೆನಿಲ್ಲಾ ಹಬ್ಬಿಸಿದ್ದೆವು. ಬೆಲೆ ಬಿದ್ದ ಮೇಲೆ ಬಳ್ಳಿಯನ್ನು ಯಾರೂ ತಿರುಗಿ ನೋಡಲಿಲ್ಲ. ಮನೆಯ ಬಳಕೆಗೆ ಒಂದೆರಡು ಬಳ್ಳಿ ಇಂದಿಗೂ ಇರಬೇಕಾದ್ದೇ. ಈ ಆರ್ಕಿಡ್ ಮೆಕ್ಸಿಕೋ ಕಡೆಯದು. ಅಲ್ಲಿಂದ ಹೊರಗೆ ಒಯ್ದಲ್ಲೆಲ್ಲ ಹೂ ಬಿಟ್ಟಿತೇ ಹೊರತು ಕಾಯಿ ಕಟ್ಟಲಿಲ್ಲ. ತೋಟಗಳಲ್ಲಿ ಸುಲಭವಾಗಿ ಮಾಡಬಹುದಾದ ಉಪಾಯವನ್ನು 1841ರಲ್ಲಿ ಕಂಡುಕೊಂಡವನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಎಡ್ಮಂಡ್ ಅಲ್ಬಿಯಸ್. ಹನ್ನೆರಡು ವರ್ಷದ ಗುಲಾಮ ಹುಡುಗ! ಹೂವಿನೊಳಗೆ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಒಂದು ತೆಳು ಪರದೆ ಇದೆ. ಅದನ್ನು ಸಣ್ಣ ಕಡ್ಡಿಯಿಂದ ಎತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದರೆ ಮುಗಿಯಿತು. ಇಂದಿಗೂ ಜಗತ್ತಿನ ವೆನಿಲ್ಲಾ ತೋಟಗಳಲ್ಲಿ ನಡೆಯುವುದು ಅದೇ ವಿಧಾನ. ನಮಗೆ ಹಿಡಿಸೂಡಿಯ ಕಡ್ಡಿಯೇ ಸಾಕು. ಆದರೆ ಹೂವಿನ ಆಯುಸ್ಸು ಒಂದೇ ದಿನ, ಮಧ್ಯಾಹ್ನದೊಳಗೆ ಬಾಡುತ್ತದೆ. ಬೆಳಗ್ಗಿನ ಚಾ ಕುಡಿದ ಕೂಡಲೇ ಈ ಕೆಲಸ ಮಾಡಬೇಕು. ಕೋಡು ಬಲಿಯಲು ಒಂಬತ್ತು ತಿಂಗಳು ಹಿಡಿಯುತ್ತದೆ.

ಡ್ರ್ಯಾಗನ್ ಫ್ರೂಟ್ ಹೂ ರಾತ್ರಿ ಅರಳುತ್ತದೆ. ನಾವು ಬ್ರಹ್ಮಕಮಲ ಎಂದು ಕುಂಡದಲ್ಲಿ ಬೆಳೆಸುವ ಕಳ್ಳಿಗೆ ಇದು ನೆಂಟ. ಕೆಂಪು ತಿರುಳಿನ ಹಲವು ತಳಿಗಳಿಗೆ ಬೇರೆ ತಳಿಯ ಪರಾಗ ಬೇಕಾಗುತ್ತದೆ. ಟಾರ್ಚ್ ಹಿಡಿದು ಕುಂಚದಿಂದ ಮುಟ್ಟಿಸಿದರಾಯಿತು. ಬಿಳಿ ತಿರುಳಿನದಕ್ಕೆ ಸಾಮಾನ್ಯವಾಗಿ ಈ ತಾಪತ್ರಯ ಇಲ್ಲ.

ಹಣ್ಣಾದ ಮೇಲೆ ಬಾವಲಿ ಬರುವುದು ಖಂಡಿತ. ರಂಬುಟಾನ್ ಗೊಂಚಲುಗಳಿಗೆ ಬಲೆ ಹೊದಿಸಿ. 2018ರಲ್ಲಿ ಕೇರಳದಲ್ಲಿ ನಿಪಾ ಕಾಣಿಸಿಕೊಂಡ ನಂತರ ಇದು ಬರೀ ಹಣ್ಣು ಉಳಿಸುವ ಪ್ರಶ್ನೆಯಾಗಿ ಉಳಿದಿಲ್ಲ. ಬಾವಲಿಯೋ ಹಕ್ಕಿಯೋ ಕಚ್ಚಿದ ಹಣ್ಣನ್ನು, ಕೆಳಗೆ ಬಿದ್ದದ್ದನ್ನು ಮಕ್ಕಳಿಗೆ ಕೊಡಲೇಬಾರದು.

ನೆರೆಮನೆಯವರ ಮರವನ್ನು ಬುಡಸಹಿತ ಕಿತ್ತು ಹಾಕಬೇಕಿಲ್ಲ. ಎದೆಮಟ್ಟಕ್ಕೆ ಕಡಿದು, ಕೊರಡಿನಿಂದ ಬರುವ ಚಿಗುರು ಪೆನ್ಸಿಲ್ ದಪ್ಪ ಆದಾಗ ಅದಕ್ಕೆ ಒಳ್ಳೆಯ ತಳಿಯ ಕಣ್ಣು ಕೂಡಿಸಬಹುದು. ಬೇರು ಹಳೆಯದಾದ್ದರಿಂದ ಬೆಳವಣಿಗೆ ಬೇಗ. ಕಸಿ ಕಟ್ಟಲು ಬಲ್ಲವರನ್ನು ಕರೆಸುವುದಾಗಿ ಅವರು ಹೇಳಿದ್ದಾರೆ. ಉಪ್ಪು ಹಾಕುವುದನ್ನಂತೂ ನಿಲ್ಲಿಸಿದ್ದಾರೆ.