ಮನೆಯ ಹಿಟ್ಟಿಗೂ ಅಂಟುವಾಳದ ನೀರಿಗೂ ಒಂದೇ ನಿಯಮ: ಕಾಲಮರ್ಯಾದೆ

ರಾಯಚೂರು ಜಿಲ್ಲೆಯ ಮಲ್ಲಟ, ಮಾನ್ವಿ, ದೇವದುರ್ಗ ಭಾಗದಲ್ಲಿ ಕಾಲುವೆ ನೀರು ಬಂದ ಕಡೆ ಭತ್ತ ಬೆಳೆದರೂ ಊಟದ ಎಲೆಯಲ್ಲಿ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇಂದಿಗೂ ಇವೆ. ಇವನ್ನು ಮನೆಯಲ್ಲೇ ಮಾಡಿಕೊಳ್ಳುವುದು ಈ ಸೀಮೆಗೆ ಹೊಸದಲ್ಲ. ಪಾತ್ರೆಗೆ ಬೂದಿ, ಬಟ್ಟೆಗೆ ಅಂಟುವಾಳ ಬಳಸುವುದೂ ಹೊಸದಲ್ಲ. ಈಗ ಪ್ಯಾಕೆಟ್ ಪದಾರ್ಥಗಳಿಂದ ಬೇಸತ್ತು ಅನೇಕ ಕುಟುಂಬಗಳು ಮತ್ತೆ ಆ ಕಡೆಗೆ ತಿರುಗುತ್ತಿವೆ. ಆದರೆ ಮನೆಯಲ್ಲಿ ಮಾಡಿದ್ದು ಎಂದ ಮಾತ್ರಕ್ಕೆ, ನೈಸರ್ಗಿಕ ಎಂದ ಮಾತ್ರಕ್ಕೆ ಅದು ಶ್ರಾವಕಾಚಾರಕ್ಕೆ ಹೊಂದುತ್ತದೆ ಎನ್ನಲಾಗದು. ಯಾವಾಗ ಮಾಡಿದ್ದು, ಎಷ್ಟು ದಿನ ಇಟ್ಟದ್ದು ಎಂಬುದೇ ಮುಖ್ಯ ಪ್ರಶ್ನೆ.

ಹಿಟ್ಟಿನ ಲೆಕ್ಕ: 3, 5, 7

ದಿಗಂಬರ ಪರಂಪರೆಯ ಮನೆಗಳಲ್ಲಿ ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂಬ ಕಾಲಮರ್ಯಾದೆ ಇದೆ. ಆ ಅವಧಿ ಮೀರಿದರೆ ಅದರಲ್ಲಿ ಜೀವೋತ್ಪತ್ತಿಯಾಗುತ್ತದೆ ಎಂಬುದು ಇದರ ಹಿಂದಿನ ಕಾರಣ. ತೇವ ಹೆಚ್ಚಿದಂತೆ ಅವಧಿ ಕಡಿಮೆಯಾಗುವುದನ್ನು ಗಮನಿಸಬೇಕು. ರೊಟ್ಟಿ ಬಡಿಯುವ ಕೈಗೂ ಇದು ಗೊತ್ತು. ಜೋಳದಲ್ಲಿ ಗೋಧಿಯಂತೆ ಅಂಟು ಇಲ್ಲ. ಬಿಸಿನೀರಿನಲ್ಲಿ ನಾದಿದಾಗಲೇ ಹಿಟ್ಟು ಕೂಡಿಕೊಳ್ಳುತ್ತದೆ. ಹಿಟ್ಟು ಹಳತಾದರೆ ರೊಟ್ಟಿಯ ಅಂಚು ಒಡೆಯುತ್ತದೆ, ರುಚಿ ಕಹಿಯಾಗುತ್ತದೆ.

ಆದ್ದರಿಂದ ತಿಂಗಳ ಹಿಟ್ಟನ್ನು ಒಮ್ಮೆಗೇ ಗಿರಣಿಗೆ ಹಾಕಿಸುವ ಬದಲು ಕಾಳನ್ನು ಕಾಪಾಡಿಕೊಂಡು, ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಮಾಡಿಸುವುದು ಒಳ್ಳೆಯದು. ಹೊಸ ಜೋಳವನ್ನು ಹುಳು ಬೀಳುವ ಮೊದಲೇ ಚೆನ್ನಾಗಿ ಒಣಗಿಸಿ, ನೆರಳಲ್ಲಿ ಒಣಗಿದ ಬೇವಿನ ಎಲೆ ಬೆರೆಸಿ, ತೇವ ತಾಗದ ಡಬ್ಬಿಯಲ್ಲಿ ತುಂಬಿಡಬೇಕು. ಹುಳು ಬಿದ್ದ ಮೇಲೆ ಬಿಸಿಲಿಗೆ ಹಾಕಿದರೆ ಅವು ಸಾಯುತ್ತವೆ. ಹುಟ್ಟದಂತೆ ನೋಡಿಕೊಳ್ಳುವುದೇ ಅಹಿಂಸೆಯ ದಾರಿ.

ಬೆಳ್ಳುಳ್ಳಿ ಇಲ್ಲದ ಶೇಂಗಾ ಹಿಂಡಿ

ಈ ಭಾಗದ ಹಿಂಡಿಗೆ ಸಾಮಾನ್ಯವಾಗಿ ಬೆಳ್ಳುಳ್ಳಿ ಬೀಳುತ್ತದೆ. ಜೈನ ಮನೆಗಳಲ್ಲಿ ಅದರ ಜಾಗಕ್ಕೆ ಇಂಗು, ಜೀರಿಗೆ, ಕರಿಬೇವು ಸಾಕು. ಶೇಂಗಾ ಮಣ್ಣಿನೊಳಗೆ ಬೆಳೆದರೂ ಗೆಡ್ಡೆಯಲ್ಲ, ಕಾಯಿಯೊಳಗಿನ ಬೀಜ. ಹೀಗಾಗಿ ಅನೇಕ ಮನೆಗಳಲ್ಲಿ ಅದು ಬಳಕೆಯಲ್ಲಿದೆ.

ಕಾಲು ಕಿಲೋ ಶೇಂಗಾವನ್ನು ಸಣ್ಣ ಉರಿಯಲ್ಲಿ ಸಿಪ್ಪೆ ಬಿಡುವವರೆಗೆ ಹುರಿದು ಆರಿಸಬೇಕು. 8–10 ಒಣಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಒಂದು ಹಿಡಿ ಕರಿಬೇವು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣನ್ನು ಬೇರೆಯಾಗಿ ಗರಿಗರಿಯಾಗುವಂತೆ ಹುರಿದುಕೊಳ್ಳಬೇಕು. ಚಿಟಿಕೆ ಇಂಗು ಸೇರಿಸಿ ಮೊದಲು ಮಸಾಲೆಯನ್ನು ಕುಟ್ಟಿ, ಆಮೇಲೆ ಶೇಂಗಾ ಹಾಕಿ ತರಿತರಿಯಾಗಿ ಕುಟ್ಟಬೇಕು. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಬೇಕು. ಹೆಚ್ಚು ಅರೆದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಉಪ್ಪು ತೇವವನ್ನು ಎಳೆಯುವುದರಿಂದ ಬಡಿಸುವ ಹೊತ್ತಿಗೆ ಬೆರೆಸಿದರೆ ಒಳಿತು. ಪುಡಿಗಳಿಗೂ ಹಿಟ್ಟಿನ ಲೆಕ್ಕವನ್ನೇ ಹಿಡಿಯುವ ಮನೆಗಳು ಮಳೆಗಾಲದಲ್ಲಿ ಇದರ ಅರ್ಧದಷ್ಟೇ ಮಾಡಿಕೊಳ್ಳಬಹುದು.

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಮೂಲಂಗಿ, ಹಸಿ ಶುಂಠಿ, ಬೆಣ್ಣೆ ಮುಂತಾದವನ್ನು ಬಿಡಬೇಕೆನ್ನುತ್ತದೆ. ಅವುಗಳಿಂದ ಸಿಗುವ ಫಲ ಅಲ್ಪ, ಆಗುವ ಘಾತ ಬಹಳ ಎಂಬುದು ಅಲ್ಲಿನ ಕಾರಣ. ವರ್ಷಗಟ್ಟಲೆ ಇಡುವ ಉಪ್ಪಿನಕಾಯಿಯೂ ಅಭಕ್ಷ್ಯಗಳ ಪಟ್ಟಿಯಲ್ಲಿದೆ. ಮಾವಿನಕಾಯಿಯನ್ನು ಹೆಚ್ಚಿ ಉಪ್ಪು, ಖಾರ, ಒಗ್ಗರಣೆ ಕಲಸಿ ಅಂದಂದೇ ತಿನ್ನುವುದು ಇದಕ್ಕೆ ಬದಲಿ.

ಸ್ವಚ್ಛತೆಗೆ ಯಾವುದು ಹೊಂದುತ್ತದೆ?

ಹಣ್ಣಿನ ಸಿಪ್ಪೆಯಿಂದ ಮಾಡುವ ‘ಬಯೋ ಎಂಜೈಮ್’ ಈಗ ಬಹಳ ಪ್ರಚಾರದಲ್ಲಿದೆ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು ಬೆರೆಸಿ ಮೂರು ತಿಂಗಳು ಕೊಳೆಯಿಸುವುದು ಅದರ ವಿಧಾನ. ಅಂದರೆ ಸೂಕ್ಷ್ಮಜೀವಿಗಳನ್ನು ಬೇಕೆಂದೇ ಬೆಳೆಸಿ, ಆಮೇಲೆ ನೆಲಕ್ಕೆ ಸುರಿಯುವುದು. ಅದು ನೈಸರ್ಗಿಕವೇ ಹೌದು. ಆದರೆ ಉಪ್ಪಿನಕಾಯಿಗೂ ಕಾಲ ನಿಗದಿ ಮಾಡಿಕೊಂಡ ಮನೆಯವರು ಇದನ್ನು ಒಪ್ಪುವ ಮುನ್ನ ಯೋಚಿಸಬೇಕು.

ಅಂಟುವಾಳಕ್ಕೆ ಈ ತೊಡಕಿಲ್ಲ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ಅಂಶವೇ ನೊರೆ ಕೊಟ್ಟು ಜಿಡ್ಡನ್ನು ಬಿಡಿಸುತ್ತದೆ, ಕೊಳೆಯಿಸುವ ಅಗತ್ಯವಿಲ್ಲ. 10–12 ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ಸೋಸಿದ ನೀರಿನಲ್ಲಿ ಸುಮಾರು 20 ನಿಮಿಷ ಕುದಿಸಿ, ಆರಿದ ಮೇಲೆ ಹಿಸುಕಿ ಬಟ್ಟೆಯಲ್ಲಿ ಸೋಸಬೇಕು. ಪಾತ್ರೆಗೂ ರೇಷ್ಮೆ ಬಟ್ಟೆಗೂ ಇದು ಆಗುತ್ತದೆ. ಗಡಸು ನೀರಿನಲ್ಲಿ ಸೋಪು ಬಿಡುವ ಬಿಳಿ ಕಸರು ಇದರಲ್ಲಿ ಬರುವುದಿಲ್ಲ.

ಎರಡು ಎಚ್ಚರಿಕೆಗಳು ಬೇಕು. ಒಂದು, ಈ ನೀರು ಕೆಲವೇ ದಿನಗಳಲ್ಲಿ ಹಳಸುತ್ತದೆ; ಎರಡು ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳಬೇಕು. ಇನ್ನೊಂದು, ಸಪೋನಿನ್ ಮೀನುಗಳಿಗೆ ವಿಷ. ತೊಳೆದ ನೀರನ್ನು ಕೆರೆ, ಬಾವಿ, ಹಳ್ಳಕ್ಕೆ ಎಂದೂ ಬಿಡಬಾರದು. ಕಣ್ಣಿಗೆ ಬಿದ್ದರೆ ಉರಿಯುವುದರಿಂದ ಮಕ್ಕಳ ಕೈಗೆ ಸಿಗದಂತೆಯೂ ಇಡಬೇಕು.

ಕಟ್ಟಿಗೆ ಬೂದಿಯನ್ನು ಜರಡಿ ಹಿಡಿದು ಸ್ಟೀಲ್, ಕಬ್ಬಿಣದ ಪಾತ್ರೆಗೆ ಬಳಸಬಹುದು. ಬೂದಿಯ ಕ್ಷಾರ ಎಣ್ಣೆಯನ್ನು ಬಿಡಿಸುತ್ತದೆ, ಆದರೆ ಅಲ್ಯೂಮಿನಿಯಮ್ ಪಾತ್ರೆಯನ್ನು ಕಪ್ಪಾಗಿಸುತ್ತದೆ. ಪೂಜೆಯ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಸಾರಿಗೆ ಹಿಂಡಿ ಉಳಿದ ಹುಣಸೆಹಣ್ಣು ಮತ್ತು ಉಪ್ಪು ಸಾಕು. ಹುಳಿ ಅಂಶ ಕಲೆಯನ್ನು ಕರಗಿಸುತ್ತದೆ. ತೊಳೆದ ಕೂಡಲೇ ಒರೆಸಿ ಒಣಗಿಸದಿದ್ದರೆ ಕಲೆ ಮತ್ತೆ ಬರುತ್ತದೆ. ವಿನೆಗರ್ ಮತ್ತು ಅಡುಗೆ ಸೋಡಾವನ್ನು ಬೆರೆಸಿ ಬಾಟಲಿಯಲ್ಲಿ ತುಂಬಿಡುವುದು ವ್ಯರ್ಥ. ನೊರೆ ಇಳಿದ ಮೇಲೆ ಎರಡರ ಗುಣವೂ ಹೋಗಿರುತ್ತದೆ. ಶೌಚಾಲಯದ ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಅನ್ನು ಎಂದೂ ಬೆರೆಸಬಾರದು. ಅದರಿಂದ ಬರುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ.

ನೆಲ ಒರೆಸುವ ಮುನ್ನ ಮೃದುವಾದ ಪೊರಕೆಯಿಂದ ಗುಡಿಸಿ ಇರುವೆಗಳು ಸರಿದುಹೋಗಲು ಬಿಡುವುದು, ತಿಂಡಿಯ ಚೂರು ರಾತ್ರಿ ಉಳಿಯದಂತೆ ನೋಡಿಕೊಳ್ಳುವುದು ಯಾವ ದ್ರಾವಣಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತವೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುವ ಮನೆಯಲ್ಲಿ ಇದು ಸುಲಭ.

ಚಾತುರ್ಮಾಸಕ್ಕೆ ಮೊದಲು ಮಾಡಬಹುದಾದ ಕೆಲಸ ಚಿಕ್ಕದು. ಹಿಟ್ಟಿನ ಡಬ್ಬಿ, ಹಿಂಡಿಯ ಭರಣಿ, ಅಂಟುವಾಳದ ಬಾಟಲಿ, ಈ ಮೂರರ ಮೇಲೂ ಮಾಡಿದ ದಿನಾಂಕದ ಚೀಟಿ ಅಂಟಿಸುವುದು. ಹಿರಿಯರು ಬಾಯಿಲೆಕ್ಕದಲ್ಲಿ ಇಟ್ಟುಕೊಂಡಿದ್ದ ದಿನಗಳು ಆಗ ಮನೆಯ ಮಕ್ಕಳಿಗೂ ತಿಳಿಯುತ್ತವೆ.